ಹಾಸಿಗೆಯ ಪಕ್ಕ ಕೂತವರ ರಜೆ

(ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯನ್ನು ಮಕ್ಕಳು ಇಟ್ಟಿರುವುದು ತಮ್ಮ ತಾಯಿಯ ನೆನಪಿಗೆ. ಆ ತಾಯಿ ಸರ್ಕಾರಿ ದಾದಿಯಾಗಿದ್ದವರು. ಅವರ ಕೈಯಲ್ಲಿ ಹುಟ್ಟಿದವರು ಈ ಸಭೆಯಲ್ಲೇ ನಾಲ್ಕೈದು ಜನ ಇದ್ದೀರಿ. ನನ್ನನ್ನು ಕರೆಯಲು ಬಂದಾಗ ಅವರ ಮಗಳು, “ಸಾಹಿತ್ಯದ ಮೇಲೇ ಮಾತಾಡಬೇಕು ಅಂತೇನಿಲ್ಲ, ನಿಮಗೆ ಗೊತ್ತಿರೋದು ಮಾತಾಡ್ರಿ ಅಕ್ಕ” ಅಂದರು. ನನಗೆ ಚೆನ್ನಾಗಿ ಗೊತ್ತಿರುವುದು ರಜೆ. ಸಿಬ್ಬಂದಿ ಶಾಖೆಯಲ್ಲಿ ಗುಮಾಸ್ತಳಾಗಿ ಸೇರಿ, ಅಧೀಕ್ಷಕಿಯಾಗಿ ನಿವೃತ್ತಳಾಗುವವರೆಗೆ ಬೇರೆಯವರ ರಜೆಯ ಲೆಕ್ಕ ಬರೆದವಳು ನಾನು. ಯಾರ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಮಲಗಿದರು, ಯಾರು ಹೋದರು ಎಂಬುದು ಓಣಿಯವರಿಗಿಂತ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ಆದರೆ ಎಷ್ಟೋ ಸಲ ಅದು ನಿಜವಾದ ಹೆಸರಿನಲ್ಲಿ ಬರುತ್ತಿರಲಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಆ ಹೆಸರಿನ ವಿಷಯವನ್ನೇ.

ತೊಂಬತ್ತರ ದಶಕದ ಒಂದು ಬೆಳಿಗ್ಗೆ. ಸಿರುಗುಪ್ಪದ ಕಡೆಯ ಒಂದು ಹಳ್ಳಿಯವರು, ನಮ್ಮಲ್ಲಿ ದ್ವಿತೀಯ ದರ್ಜೆ ಸಹಾಯಕರು, ನಲವತ್ತು ದಿನದ ರಜೆ ಮುಗಿಸಿ ಕೆಲಸಕ್ಕೆ ಹಾಜರಾದರು. ಕೈಯಲ್ಲಿ ಎರಡು ಹಾಳೆ. ಒಂದು, ಕಾಯಿಲೆಯ ಪ್ರಮಾಣಪತ್ರ. ಅದರಲ್ಲಿ ಇವರಿಗೆ ಕಾಮಾಲೆ ಆಗಿತ್ತು ಎಂದಿತ್ತು. ಇನ್ನೊಂದು, ನಾವೆಲ್ಲ ಫಿಟ್‌ನೆಸ್ ಎಂದು ಕರೆಯುವ ಪ್ರಮಾಣಪತ್ರ. ಇವರು ಈಗ ಪೂರ್ತಿ ಗುಣವಾಗಿದ್ದಾರೆ, ಕರ್ತವ್ಯಕ್ಕೆ ಹಾಜರಾಗಲು ಅರ್ಹರು ಎಂದಿತ್ತು. ನಾನು ಹಾಳೆಯಿಂದ ತಲೆಯೆತ್ತಿ ನೋಡಿದೆ. ಅವರ ತಲೆ ಬೋಳಾಗಿತ್ತು, ಮೀಸೆಯೂ ಇರಲಿಲ್ಲ. ಬೋಳಿಸಿ ಎರಡು ಮೂರು ದಿನ ಕಳೆದಿರಬೇಕು, ಕೂದಲು ಎಳ್ಳು ಚೆಲ್ಲಿದ ಹಾಗೆ ಮೊಳೆಯುತ್ತಿತ್ತು.

“ಯಾರು?” ಅಂದೆ.

“ಅವ್ವ. ಹೋಗಿ ಹದಿನೈದು ದಿನ ಆತ್ರಿ ಮೇಡಂ.”

ಅಷ್ಟೇ ಮಾತು. ಅವರು ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟು ತಮ್ಮ ಕುರ್ಚಿಗೆ ಹೋದರು. ನಾನು ಟಿಪ್ಪಣಿ ಬರೆದೆ: ವೈದ್ಯಕೀಯ ಕಾರಣದ ಮೇಲೆ ನಲವತ್ತು ದಿನ ಪರಿವರ್ತಿತ ರಜೆ ಮಂಜೂರು ಮಾಡಬಹುದು. ಅಧಿಕಾರಿಗಳು ಸಹಿ ಮಾಡಿದರು. ಸೇವಾ ಪುಸ್ತಕದ ರಜೆ ಲೆಕ್ಕದಲ್ಲಿ ಎಂಬತ್ತು ದಿನ ಅರ್ಧ ವೇತನ ರಜೆ ಕಳೆದೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಉಳಿಕೆ ಬರೆದೆ. ತಾಯಿಯ ಹಾಸಿಗೆಯ ಪಕ್ಕ ಕೂತು, ಆಮೇಲೆ ಅವಳನ್ನು ಕಳಿಸಿಕೊಟ್ಟು ಬಂದ ಒಬ್ಬ ಮಗನ ನಲವತ್ತು ದಿನ, ಸರ್ಕಾರದ ದಾಖಲೆಯಲ್ಲಿ ಇವತ್ತಿಗೂ ಅವನ ಕಾಮಾಲೆಯಾಗಿಯೇ ಇದೆ.

ಈ ಸುಳ್ಳು ಯಾರದು? ಅವರದಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಯಾಕೆ ಎನ್ನುವುದಕ್ಕೆ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೌಕರಿ ಮಾಡಿದವರು ಒಂದು ನಿಮಿಷ ತಾಳ್ಮೆಯಿಂದ ಕೇಳಿ, ಮಾಡದವರು ಗಮನವಿಟ್ಟು ಕೇಳಿ.

ನಮ್ಮ ರಜೆಗಳಿಗೆಲ್ಲ ಮೂಲ ಕರ್ನಾಟಕ ನಾಗರಿಕ ಸೇವಾ ನಿಯಮಗಳು, ನಮ್ಮ ಬಾಯಲ್ಲಿ ಕೆ.ಸಿ.ಎಸ್.ಆರ್. ಅದರ ಪ್ರಕಾರ ಗಳಿಕೆ ರಜೆ ವರ್ಷಕ್ಕೆ 30 ದಿನ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಲೆಕ್ಕಕ್ಕೆ ಬೀಳುತ್ತದೆ. ಕೂಡಿಡಬಹುದಾದದ್ದು ಈಗ 300 ದಿನದವರೆಗೆ. ಮೇಷ್ಟ್ರುಗಳಿಗೆ ಬೇಸಿಗೆ ರಜೆ ಇರುವುದರಿಂದ ಗಳಿಕೆ ರಜೆ ಅದಕ್ಕಿಂತ ಬಹಳ ಕಡಿಮೆ. ಸಾಂದರ್ಭಿಕ ರಜೆ, ಅಂದರೆ ನಮ್ಮ ಸಿ.ಎಲ್., ವರ್ಷಕ್ಕೆ 15 ಇದ್ದದ್ದು 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ 10ಕ್ಕೆ ಇಳಿಯಿತು. ಇನ್ನು ಅರ್ಧ ವೇತನ ರಜೆ ವರ್ಷಕ್ಕೆ 20 ದಿನ. ಇದನ್ನು ಸ್ವಂತ ಕೆಲಸಕ್ಕೂ ಪಡೆಯಬಹುದು, ಕಾಯಿಲೆಗೂ ಪಡೆಯಬಹುದು. ಆದರೆ ಸಂಬಳ ಅರ್ಧ. ಕಾಯಿಲೆಯಾಗಿ ವೈದ್ಯರ ಪ್ರಮಾಣಪತ್ರ ಕೊಟ್ಟರೆ ಮಾತ್ರ ಎರಡು ದಿನದ ಅರ್ಧ ವೇತನ ರಜೆ ಕಳೆದು ಒಂದು ದಿನ ಪೂರ್ತಿ ಸಂಬಳದ ರಜೆ ಕೊಡುತ್ತಾರೆ. ಅದೇ ಪರಿವರ್ತಿತ ರಜೆ. ಕಾಯಿಲೆ ಬಿದ್ದವರು ನೌಕರರೇ ಆಗಿರಬೇಕು. ತಾಯಿಯದೋ ಹೆಂಡತಿಯದೋ ಪ್ರಮಾಣಪತ್ರ ನಡೆಯುವುದಿಲ್ಲ.

ಈಗ ಆ ಮನುಷ್ಯನ ಜಾಗದಲ್ಲಿ ನಿಂತು ನೋಡಿ. ತಂಗಿಯ ಮದುವೆಗೆಂದು ಗಳಿಕೆ ರಜೆ ಒಪ್ಪಿಸಿ ಹಣ ಪಡೆದಾಗಿದೆ. ಸಿ.ಎಲ್. ಮುಗಿದಿದೆ. ತಾಯಿ ಬಳ್ಳಾರಿಯ ಆಸ್ಪತ್ರೆಯಲ್ಲಿ. ಅರ್ಜಿಯಲ್ಲಿ “ತಾಯಿಯ ಆರೈಕೆಗಾಗಿ” ಎಂದು ನಿಜ ಬರೆದರೆ ಅರ್ಧ ಸಂಬಳ. “ನನಗೆ ಕಾಮಾಲೆ” ಎಂದು ಬರೆದರೆ ಪೂರ್ತಿ ಸಂಬಳ. ಔಷಧಿ ಚೀಟಿ ಬೆಳೆಯುತ್ತಿರುವ ತಿಂಗಳಲ್ಲಿ ಅರ್ಧ ಸಂಬಳ ಒಪ್ಪಿಕೊಳ್ಳುವ ಮಗ ಎಲ್ಲಿ ಸಿಗುತ್ತಾನೆ? ಒಬ್ಬ ವೈದ್ಯರು, ಒಬ್ಬ ನೌಕರರು, ಒಬ್ಬ ವಿಷಯ ನಿರ್ವಾಹಕಿ, ಒಬ್ಬ ಅಧಿಕಾರಿ. ಒಂದು ಸುಳ್ಳಿಗೆ ನಾಲ್ಕು ಜನ ಸಹಿ ಮಾಡಿದೆವು. ನಾಲ್ವರಿಗೂ ಗೊತ್ತಿತ್ತು. ನಾಲ್ವರಲ್ಲಿ ಯಾರೂ ಕೆಟ್ಟವರಲ್ಲ.

ಇಂಥ ಪ್ರಮಾಣಪತ್ರ ಅದೊಂದೇ ಅಲ್ಲ. ಟೈಫಾಯ್ಡ್, ಬೆನ್ನು ನೋವು, ಕಾಮಾಲೆ. ಈ ಮೂರರ ಹಿಂದೆ ಎಷ್ಟು ಮುದಿ ತಾಯಂದಿರು, ಲಕ್ವ ಹೊಡೆದ ಎಷ್ಟು ತಂದೆಯರು, ಗರ್ಭಕೋಶದ ಆಪರೇಷನ್ನಾದ ಎಷ್ಟು ಹೆಂಡಂದಿರು ಮಲಗಿದ್ದರು ಎಂದು ಸಿಬ್ಬಂದಿ ಶಾಖೆಯಲ್ಲಿ ಕೂತ ಯಾರನ್ನಾದರೂ ಕೇಳಿ.

ನಿಯಮ ಹೀಗೇಕೆ ಹುಟ್ಟಿತು ಎಂಬುದಕ್ಕೆ ನಮ್ಮ ಊರಿನದೇ ಒಂದು ದಾರಿ ಇದೆ. ನನ್ನ ಸೋದರಮಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಸೇವಾ ಪುಸ್ತಕದ ಮೊದಲ ಹಾಳೆಗಳು ಮದ್ರಾಸ್ ಸರ್ಕಾರದ ನಮೂನೆಯಲ್ಲಿದ್ದವು, ಬರವಣಿಗೆ ಎಲ್ಲ ಇಂಗ್ಲಿಷು. 1922ರ ಜನವರಿ 1ರಿಂದ ಜಾರಿಗೆ ಬಂದ ಫಂಡಮೆಂಟಲ್ ರೂಲ್ಸ್‌ನ ಕಾಲದ ಭಾಷೆ ಅದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಮಾವನವರ ಪುಸ್ತಕದಲ್ಲಿ ಅಲ್ಲಿಗೊಂದು ಗೆರೆ ಬಿದ್ದು ಮೈಸೂರಿನ ಮೊಹರು ಶುರುವಾಗುತ್ತದೆ. ಮೂರು ವರ್ಷಕ್ಕೆ ರಾಜ್ಯ ಒಂದಾಯಿತು. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೇ ಮೈಸೂರು, ಐದು ಕಡೆಯ ನೌಕರರು ಐದು ಬಗೆಯ ರಜೆ ಲೆಕ್ಕ ಹೊತ್ತುಕೊಂಡು ಒಂದೇ ಸರ್ಕಾರದಡಿ ಬಂದರು. ಅವರೆಲ್ಲರಿಗೂ ಒಂದೇ ನಿಯಮ ಪುಸ್ತಕ ಆದದ್ದು 1958ರ ಈ ಸೇವಾ ನಿಯಮಗಳಿಂದ, ಅದೇ ವರ್ಷದ ಮಾರ್ಚ್ 1ರಿಂದ. ಮಾವನವರು ಕುರ್ಚಿ ಬದಲಿಸದೆ ಮೂರು ರಜೆ ಕಾನೂನು ಕಂಡರು. ಅವರ ಹೆಂಡತಿ, ನನ್ನತ್ತೆ, ಅದೇ ಅವಧಿಯಲ್ಲಿ ಮಾವನವರ ತಂದೆಯ ಆರೈಕೆಯನ್ನು ಒಂಬತ್ತು ವರ್ಷ ಮಾಡಿದರು. ಮಾವನವರ ಪುಸ್ತಕದಲ್ಲಿ ಅದಕ್ಕಾಗಿ ಒಂದು ದಿನದ ರಜೆಯೂ ಇಲ್ಲ. ಬೇಕಾಗಿರಲಿಲ್ಲ.

ಆ ನಿಯಮ ಪುಸ್ತಕಗಳನ್ನು ಬರೆದವರ ಕಣ್ಣ ಮುಂದೆ ಇದ್ದ ನೌಕರ ಗಂಡಸು. ಅವನ ಬೆನ್ನ ಹಿಂದೆ ಒಂದು ಮನೆ, ಮನೆಯಲ್ಲಿ ಹೆಂಡತಿ, ಅತ್ತಿಗೆ, ವಿಧವೆಯಾದ ಅಕ್ಕ. ಕಾಯಿಲೆ ಬಿದ್ದವರ ಬಾಯಿಗೆ ಗಂಜಿ ಹಾಕಲು ಅವರಿದ್ದಾರೆ. ಆದ್ದರಿಂದ ನೌಕರ ತಾನೇ ಮಲಗಿದಾಗ ಮಾತ್ರ ರಜೆ. ಈ ಊಹೆ ಎಲ್ಲೂ ಬರೆದಿಲ್ಲ, ಆದರೆ ಪ್ರತಿ ನಿಯಮದ ಕೆಳಗೂ ಇದೆ. ಈಗ ಆ ಹೆಂಡತಿ, ಆ ಅತ್ತಿಗೆ, ಆ ಅಕ್ಕ ಎಲ್ಲರೂ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕಚೇರಿಗೆ, ಶಾಲೆಗೆ, ಆಸ್ಪತ್ರೆಗೆ ಹೋಗುತ್ತಾರೆ. ಊಹೆ ಮಾತ್ರ ಅಲ್ಲೇ ಉಳಿದಿದೆ.

ಹೆರಿಗೆಯ ವಿಷಯದಲ್ಲಿ ಹಾಗಾಗಲಿಲ್ಲ, ಅದನ್ನು ಸಂತೋಷದಿಂದ ಹೇಳಬೇಕು. 1928ರ ಜುಲೈ 28ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಡಾ. ಅಂಬೇಡ್ಕರ್ ಅವರು ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಸೌಲಭ್ಯ ಕೊಡುವ ಮಸೂದೆಯನ್ನು ಬೆಂಬಲಿಸಿ ಮಾತಾಡಿದರು. ತಾಯಿಗೆ ಹೆರಿಗೆಯ ಮುಂಚೆಯೂ ಆಮೇಲೆಯೂ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಈ ಭಾರದಲ್ಲಿ ಸರ್ಕಾರಕ್ಕೂ ಪಾಲಿದೆ ಎಂಬುದು ಅವರ ವಾದ. ಮುಂಬಯಿಯ ಕಾಯ್ದೆ 1929ರಲ್ಲಿ ಬಂತು. ನಾವಿದ್ದ ಮದ್ರಾಸ್ ಪ್ರಾಂತಕ್ಕೆ 1934ರ ಕಾಯ್ದೆ. ಸಂವಿಧಾನದ 42ನೇ ವಿಧಿಯಲ್ಲಿ ಹೆರಿಗೆ ನೆರವಿನ ಮಾತು ಸೇರಿತು. 1961ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ, 2017ರ ತಿದ್ದುಪಡಿಯಲ್ಲಿ ಅದು 26 ವಾರ.

ನಮ್ಮ ರಾಜ್ಯದ ನೌಕರರಿಗೆ 135ನೇ ನಿಯಮದ ಹೆರಿಗೆ ರಜೆ ಈಗ 180 ದಿನ. ನನ್ನ ಮೊದಲ ಮಗು ಹುಟ್ಟಿದಾಗ ನನಗೆ ಸಿಕ್ಕದ್ದು ಮೂರು ತಿಂಗಳು. ಬಾಣಂತನದ ಎಣ್ಣೆ ವಾಸನೆ ಮೈಯಿಂದ ಹೋಗುವ ಮೊದಲೇ ಮೇಜಿಗೆ ಬಂದಿದ್ದೆ. ಮಧ್ಯಾಹ್ನ ಒಂದೂವರೆಗೆ ಅವ್ವ ಮಗುವನ್ನು ಆಟೋದಲ್ಲಿ ಕರೆದುಕೊಂಡು ಬರುತ್ತಿದ್ದಳು. ದಾಖಲೆ ಕೋಣೆಯಲ್ಲಿ, ಹಳೆಯ ಕಡತಗಳ ಗಂಟುಗಳ ನಡುವೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತು ಹಾಲು ಕುಡಿಸುತ್ತಿದ್ದೆ. ಹೊರಗೆ ಅವ್ವ ಕಾವಲು ನಿಲ್ಲುತ್ತಿದ್ದಳು. ಬಳ್ಳಾರಿಯ ಏಪ್ರಿಲ್ ಬಿಸಿಲು ಹೇಗೆಂದು ನಿಮಗೆ ಗೊತ್ತು. ಒಂದು ದಿನ ಕೂಸಿನ ಮೈ ಕಾದ ಕಾವಲಿಯಂತಾಗಿತ್ತು. “ನಾಳಿಂದ ಕರಕೊಂಡು ಬರಂಗಿಲ್ಲ, ಬಾಟ್ಲಿ ಹಾಲು ಹಾಕ್ತೀನಿ” ಅಂದಳು ಅವ್ವ. ಅವತ್ತಿಗೆ ನನ್ನ ಮಗುವಿಗೆ ನನ್ನ ಹಾಲು ನಿಂತಿತು. ಹಾಗಾಗಿ 180 ದಿನ ಎಂಬ ಅಂಕಿ ನನಗೆ ಬರೀ ಅಂಕಿಯಾಗಿ ಕಾಣುವುದಿಲ್ಲ. ಪಕ್ಕದ ತಮಿಳುನಾಡು ಅದನ್ನು 2021ರಲ್ಲಿ ಒಂದು ವರ್ಷಕ್ಕೆ ಏರಿಸಿದೆ.

2021ರ ಜೂನ್‌ನಲ್ಲಿ ಇನ್ನೊಂದು ಒಳ್ಳೆಯ ಆದೇಶ ಬಂತು. ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 180 ದಿನ ಶಿಶುಪಾಲನಾ ರಜೆ, ಮಗುವಿಗೆ 18 ತುಂಬುವವರೆಗೆ. ಆಮೇಲೆ ಅದನ್ನು ಒಂಟಿ ತಂದೆಯರಿಗೂ ವಿಸ್ತರಿಸಿದರು. ಕೇಂದ್ರ ಸರ್ಕಾರದಲ್ಲಿ ಇದು 2008ರಿಂದಲೇ ಇದೆ, 730 ದಿನ. ಎರಡರ ಅಂತರ ದೊಡ್ಡದು, ಆದರೂ ಬಂದದ್ದು ಬಂತು. ಪಿತೃತ್ವ ರಜೆ 15 ದಿನ. ಹೆಣ್ಣಿನ ತವರಿಗೆ ಹೋಗಿ ಕೂಸಿನ ಮುಖ ನೋಡಿ, ತೊಟ್ಟಿಲು ಶಾಸ್ತ್ರ ಮುಗಿಸಿ ಬರಲು ಅಷ್ಟು ಸಾಕು ಎಂದುಕೊಂಡ ಹಾಗಿದೆ. ಬಾಣಂತಿಗೆ ನೀರು ಕಾಯಿಸಿ ಹಾಕುವ ಗಂಡನನ್ನು ನಿಯಮ ಇನ್ನೂ ಕಂಡಿಲ್ಲ. ಅಂಥ ಗಂಡಂದಿರು ನಮ್ಮಲ್ಲಿ ಇದ್ದಾರೆ, ನಾನು ಕಂಡಿದ್ದೇನೆ.

ನ್ಯಾಯಾಲಯಗಳ ಕೆಲವು ತೀರ್ಪುಗಳನ್ನು ನೆನೆಯದೆ ಮುಂದೆ ಹೋಗಲಾರೆ. ಚಂಡೀಗಢದ ಒಬ್ಬ ನರ್ಸಿಂಗ್ ಅಧಿಕಾರಿ ಮದುವೆಯಾದದ್ದು ಎರಡು ಮಕ್ಕಳಿದ್ದ ವಿಧುರರನ್ನು. ಆ ಮಕ್ಕಳಿಗಾಗಿ ಶಿಶುಪಾಲನಾ ರಜೆ ಪಡೆದರು. ತಮ್ಮ ಹೊಟ್ಟೆಯ ಮೊದಲ ಕೂಸಿಗೆ ಹೆರಿಗೆ ರಜೆ ಕೇಳಿದಾಗ, ಇದು ನಿಮಗೆ ಮೂರನೆಯದು, ಸಿಗುವುದಿಲ್ಲ ಎಂಬ ಉತ್ತರ ಬಂತು. 2022ರ ಆಗಸ್ಟ್ 16ರಂದು ಸುಪ್ರೀಂ ಕೋರ್ಟ್ ಆ ಉತ್ತರವನ್ನು ತೆಗೆದುಹಾಕಿತು. ಪೀಠದಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಜೊತೆ ನಮ್ಮ ರಾಜ್ಯದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರಿದ್ದರು. ಕುಟುಂಬ ಎಂದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ, ಬಂಧುತ್ವ ಬೇರೆ ಬೇರೆ ರೂಪದಲ್ಲಿರುತ್ತದೆ, ಅದಕ್ಕೂ ಕಾನೂನಿನ ರಕ್ಷಣೆ ಬೇಕು ಎಂಬುದು ಆ ತೀರ್ಪಿನ ತಿರುಳು.

ಇನ್ನೊಂದು ಸಾಲಿನ ತೀರ್ಪುಗಳು ಕಾಯಂ ಅಲ್ಲದವರ ಬಗ್ಗೆ. ದೆಹಲಿ ಮಹಾನಗರಪಾಲಿಕೆಯಲ್ಲಿ ದಿನಗೂಲಿಯ ಮೇಲೆ ದುಡಿಯುತ್ತಿದ್ದ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2000ದ ಮಾರ್ಚ್ 8ರಂದು. ನಮ್ಮ ಹೈಕೋರ್ಟು 2021ರಲ್ಲಿ, ಹೆರಿಗೆ ರಜೆಯ ವಿಷಯದಲ್ಲಿ ಗುತ್ತಿಗೆಯ ತಾಯಿ, ಕಾಯಂ ತಾಯಿ ಎಂಬ ಭೇದ ಸಲ್ಲದು ಎಂದಿತು. 2023ರಲ್ಲಿ ಸುಪ್ರೀಂ ಕೋರ್ಟ್, ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಗಿಯುವುದಿಲ್ಲ ಎಂದಿತು. ಇಷ್ಟೆಲ್ಲ ಆಗಿಯೂ ನಾನು ನಿವೃತ್ತಳಾಗುವ ವರ್ಷ ನಮ್ಮ ಶಾಖೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ಹೊರಗುತ್ತಿಗೆಯವಳು. ಎಲ್ಲರ ಗಳಿಕೆ ರಜೆ, ಹೆರಿಗೆ ರಜೆ, ಶಿಶುಪಾಲನಾ ರಜೆಯನ್ನು ಎಚ್‌ಆರ್‌ಎಂಎಸ್ ಎಂಬ ಸಿಬ್ಬಂದಿ ತಂತ್ರಾಂಶದಲ್ಲಿ ತುಂಬುತ್ತಿದ್ದವಳು ಅವಳೇ. ಅವಳ ತಂದೆಗೆ ಡಯಾಲಿಸಿಸ್ ಇದ್ದ ದಿನ, ವಾರಕ್ಕೆ ಎರಡು ಬಾರಿ, ಅವಳಿಗೆ ಗೈರು ಹಾಜರಿ ಬೀಳುತ್ತಿತ್ತು. ಗೈರು ಬಿದ್ದ ದಿನಕ್ಕೆ ಕೂಲಿ ಇಲ್ಲ. ನಾನು ಅವಳ ಪರವಾಗಿ ಎರಡು ಸಲ ಟಿಪ್ಪಣಿ ಇಟ್ಟೆ, ಎರಡೂ ಸಲ “ನಿಯಮದಲ್ಲಿ ಅವಕಾಶವಿಲ್ಲ” ಎಂದು ಬರೆದುಕೊಂಡು ವಾಪಸು ಬಂತು. ರಜೆ ನಿಯಮಕ್ಕೆ ನಾನು ಇವತ್ತು ಮುಂದೆ ಕೇಳಲಿರುವ ತಿದ್ದುಪಡಿ ಅವಳನ್ನು ಮುಟ್ಟುವುದಿಲ್ಲ, ಅದು ನನಗೆ ಗೊತ್ತಿದೆ. ಅವಳಿಗೆ ಬೇಕಾದದ್ದು ಮೊದಲು ರಜೆ ಲೆಕ್ಕವೇ. ಆ ಹೋರಾಟ ಬೇರೆ, ಇದಕ್ಕಿಂತ ದೊಡ್ಡದು.

ಈಗ ಮುದಿ ತಂದೆತಾಯಿಯರ ವಿಷಯಕ್ಕೆ ಬರುತ್ತೇನೆ.

2007ರಲ್ಲಿ ಕೇಂದ್ರ ಒಂದು ಕಾಯ್ದೆ ಮಾಡಿತು. ತಂದೆತಾಯಿಯರನ್ನೂ ಹಿರಿಯ ನಾಗರಿಕರನ್ನೂ ಪೋಷಿಸುವುದು ಮಕ್ಕಳ ಹೊಣೆ. ಮಾಡದಿದ್ದರೆ ನ್ಯಾಯಮಂಡಳಿಯ ಮುಂದೆ ನಿಲ್ಲಿಸಬಹುದು. ಇನ್ನು ನಮ್ಮದೇ ರಾಜ್ಯದ 1963ರ ವೈದ್ಯಕೀಯ ಹಾಜರಾತಿ ನಿಯಮಗಳು. ಅವುಗಳ ಪ್ರಕಾರ ನೌಕರರನ್ನು ಅವಲಂಬಿಸಿ ಅವರ ಜೊತೆ ಇರುವ ತಂದೆತಾಯಿ ಕುಟುಂಬದವರು. ಅವರ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಮರುಪಾವತಿ ಮಾಡುತ್ತದೆ. ಅಂದರೆ ಬಿಲ್ಲಿನ ಲೆಕ್ಕದಲ್ಲಿ ತಾಯಿ ಕುಟುಂಬಕ್ಕೆ ಸೇರಿದವಳು. ಒಂದೇ ಕಚೇರಿಯಲ್ಲಿ, ಒಂದೇ ಬೀರುವಿನಲ್ಲಿ, ಆಸ್ಪತ್ರೆಯ ಬಿಲ್ಲಿನ ಕಡತದಲ್ಲಿ ಅವಳ ಹೆಸರು, ವಯಸ್ಸು, ಕಾಯಿಲೆ, ಒಳರೋಗಿಯಾಗಿದ್ದ ತಾರೀಕು ಎಲ್ಲ ಇವೆ. ಪಕ್ಕದ ರಜೆ ಕಡತದಲ್ಲಿ ಅವಳಿಲ್ಲ. ಅದೇ ತಾರೀಕುಗಳಲ್ಲಿ ಮಗನಿಗೆ ಕಾಮಾಲೆ.

ಗಳಿಕೆ ರಜೆ ಇದೆಯಲ್ಲ ಎನ್ನುತ್ತಾರೆ. 2025ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಕೇಂದ್ರದ ಸಚಿವರು ಕೊಟ್ಟ ಉತ್ತರವೂ ಅದೇ. ವರ್ಷಕ್ಕೆ 30 ದಿನ ಗಳಿಕೆ ರಜೆಯನ್ನು ಹಿರಿಯರ ಆರೈಕೆಗೂ ಬಳಸಬಹುದು ಎಂದು. ಬಳಸಬಹುದು, ನಿಜ. ಆದರೆ ಗಳಿಕೆ ರಜೆ ಹಣ. ನಿವೃತ್ತಿಯಾಗುವ ದಿನ 300 ದಿನ ಉಳಿಸಿಕೊಂಡವರು ಹತ್ತು ತಿಂಗಳ ಸಂಬಳ ನಗದಾಗಿ ಪಡೆಯುತ್ತಾರೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ 60,000 ರೂಪಾಯಿ ಎಂದು ಇಟ್ಟುಕೊಳ್ಳಿ, 6 ಲಕ್ಷ. ಹಿರಿಯರನ್ನು ನೋಡಿಕೊಳ್ಳುತ್ತ ರಜೆ ಕರಗಿಸಿ 90 ದಿನ ಉಳಿಸಿಕೊಂಡವರಿಗೆ 1 ಲಕ್ಷ 80 ಸಾವಿರ. ನಡುವಿನ 4 ಲಕ್ಷ 20 ಸಾವಿರ ಆರೈಕೆಗೆ ತೆತ್ತ ದಂಡ. ನಿವೃತ್ತಿಯ ಲೆಕ್ಕಪತ್ರ ಮಾಡುವಾಗ ನಾನು ಕಂಡಂತೆ 300 ತುಂಬಿಸಿಕೊಂಡು ಹೋಗುವವರಲ್ಲಿ ಗಂಡಸರೇ ಹೆಚ್ಚು. ಹೆಂಗಸರ ರಜೆ ಮಕ್ಕಳ ಪರೀಕ್ಷೆಗೆ, ಅತ್ತೆಯ ಕಣ್ಣಿನ ಆಪರೇಷನ್ನಿಗೆ, ಮಾವನ ಶ್ವಾಸಕ್ಕೆ, ಕೊನೆಗೆ ಉಳಿದರೆ ತನ್ನ ಅವ್ವನಿಗೆ ಹೋಗಿರುತ್ತದೆ. ನನ್ನದೂ ಹಾಗೇ ಹೋಯಿತು. ಆ ದಿನಗಳನ್ನು ಕಳೆದುಕೊಂಡೆ ಎಂದು ನನಗೆ ಅನ್ನಿಸಿಲ್ಲ. ಕುರುಗೋಡಿನ ದೊಡ್ಡ ಬಸವಣ್ಣನ ಜಾತ್ರೆಗೆ ಕರೆದುಕೊಂಡು ಹೋಗು ಎಂದು ಮಲಗಿದಲ್ಲಿಂದಲೇ ಹಟ ಮಾಡುತ್ತಿದ್ದ ಅವ್ವನ ಕಾಲು ಒತ್ತುತ್ತ ಕೂತ ರಾತ್ರಿಗಳಿಗೆ ಬೆಲೆ ಕಟ್ಟುವುದು ಹೇಗೆ? ಬೆಲೆ ಕಟ್ಟಿದ್ದು ನಿಯಮ.

ಹೊರಗಿನವರು ಏನು ಮಾಡಿದ್ದಾರೆ? ಅಮೆರಿಕದಲ್ಲಿ 1993ರಲ್ಲಿ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ಬಂತು. ಗಂಡ, ಹೆಂಡತಿ, ಮಗು, ತಂದೆ, ತಾಯಿ ಇವರಿಗೆ ಗಂಭೀರ ಕಾಯಿಲೆಯಾದರೆ 12 ವಾರ ರಜೆ. ಕೆಲಸ ಹೋಗುವುದಿಲ್ಲ, ಆದರೆ ಸಂಬಳವೂ ಇಲ್ಲ. 2020ರ ಅಕ್ಟೋಬರ್‌ನಿಂದ ಅಲ್ಲಿನ ಕೇಂದ್ರ ಸರ್ಕಾರದ ನೌಕರರಿಗೆ ಮಗು ಹುಟ್ಟಿದಾಗ, ದತ್ತು ಬಂದಾಗ 12 ವಾರ ಸಂಬಳದ ರಜೆ ಸಿಗುತ್ತಿದೆ. ಮುದಿ ತಾಯಿಗೆ ಇನ್ನೂ ಸಂಬಳವಿಲ್ಲದ ರಜೆಯೇ. ಆದರೂ ಆ ಕಾನೂನಿನಲ್ಲಿ “ತಾಯಿ” ಎಂಬ ಪದವಿದೆ, ಅದು ನನಗೆ ದೊಡ್ಡದಾಗಿ ಕಾಣುತ್ತದೆ. ಜಪಾನು ಇನ್ನೂ ಮುಂದೆ ಹೋಗಿದೆ. ಆರೈಕೆ ಬೇಕಾದ ಒಬ್ಬೊಬ್ಬ ಹಿರಿಯರಿಗೂ 93 ದಿನ, ಮೂರು ಕಂತಿನಲ್ಲಿ ಪಡೆಯಬಹುದು. ಆ ದಿನಗಳಿಗೆ ಉದ್ಯೋಗ ವಿಮೆಯಿಂದ ಸಂಬಳದ ನೂರಕ್ಕೆ 67 ಭಾಗ. ಇಟಲಿಯಲ್ಲಿ 1992ರ ಕಾನೂನಿನಡಿ, ತೀವ್ರ ಅಂಗವೈಕಲ್ಯವಿರುವ ಬಂಧುವನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ಮೂರು ದಿನ ಸಂಬಳದ ರಜೆ. ಡಯಾಲಿಸಿಸ್, ಕೀಮೋ ಇಂಥವು ಒಮ್ಮೆ ಮಾಡಿಸಿ ಮುಗಿಯುವ ಚಿಕಿತ್ಸೆಗಳಲ್ಲ. ಅವಕ್ಕೆ ತಿಂಗಳು ತಿಂಗಳು ಬರುವ ಮೂರು ದಿನದ ಉಪಯೋಗ ಎಷ್ಟೆಂದು ಆ ಸಾಲಿನಲ್ಲಿ ಕಾದವರಿಗೇ ಗೊತ್ತು.

ಇಷ್ಟೆಲ್ಲ ಒಂದೇ ಸಲಕ್ಕೆ ನಮ್ಮ ಸರ್ಕಾರ ಕೊಡಲಿ ಎಂದು ನಾನು ಕೇಳುತ್ತಿಲ್ಲ. ನಾನು ಕೇಳುವುದು ಒಂದೇ ವಾಕ್ಯದ ತಿದ್ದುಪಡಿ. ಪರಿವರ್ತಿತ ರಜೆಗೆ ಕೊಡುವ ವೈದ್ಯಕೀಯ ಪ್ರಮಾಣಪತ್ರ ನೌಕರರದು ಆಗಿರಬಹುದು, ಅಥವಾ ಅವರ ಆರೈಕೆಯಲ್ಲಿರುವ ಕುಟುಂಬದವರದು ಆಗಿರಬಹುದು. ಅಷ್ಟೇ.

ಹಣಕಾಸು ಇಲಾಖೆಯವರ ಪ್ರಶ್ನೆ ನನಗೆ ಗೊತ್ತು, ಅವರ ಭಾಷೆಯಲ್ಲೇ ಬದುಕಿದವಳು ನಾನು. ಎಷ್ಟು ಹೊರೆ? ಎಂಬತ್ತು ದಿನ ಅರ್ಧ ಸಂಬಳ ಕೊಟ್ಟರೂ, ಆ ಎಂಬತ್ತನ್ನು ಕಳೆದು ನಲವತ್ತು ದಿನ ಪೂರ್ತಿ ಸಂಬಳ ಕೊಟ್ಟರೂ, ಸಂಬಳದ ಮೊತ್ತ ಒಂದೇ. ಹೊಸದಾಗಿ ಒಂದು ದಿನವೂ ಹುಟ್ಟುವುದಿಲ್ಲ. ನೌಕರರ ಲೆಕ್ಕದಲ್ಲಿ ಈಗಾಗಲೇ ಜಮಾ ಇರುವ ದಿನಗಳವು. ಬಳಕೆಯಾಗದೆ ಉಳಿಯಬಹುದಾಗಿದ್ದ ಕೆಲವು ದಿನ ಬಳಕೆಗೆ ಬರುತ್ತವೆ ಎಂಬುದು ನಿಜ, ಅಷ್ಟು ಖರ್ಚನ್ನು ಒಪ್ಪಿಕೊಳ್ಳಬೇಕು. ಆದರೆ ಇವತ್ತು ಅವು ಟೈಫಾಯ್ಡಿನ ಹೆಸರಿನಲ್ಲಿ ಬಳಕೆಯಾಗುತ್ತಲೇ ಇವೆ.

ದುರುಪಯೋಗ? ಇಲ್ಲದ ಕಾಯಿಲೆಗೆ ಪ್ರಮಾಣಪತ್ರ ತರುವುದು ಈಗ ಸುಲಭ. ಮನೆಯವರ ಕಾಯಿಲೆಗೆ ಆಸ್ಪತ್ರೆಯ ಒಳರೋಗಿ ದಾಖಲೆ ಇರುತ್ತದೆ, ಮರುಪಾವತಿಯ ಬಿಲ್ಲು ಇರುತ್ತದೆ, ಅವಲಂಬಿತರ ಪಟ್ಟಿ ಕಚೇರಿಯಲ್ಲೇ ಇರುತ್ತದೆ. ನಿಜವನ್ನು ತಾಳೆ ನೋಡಬಹುದು. ಸುಳ್ಳನ್ನು ಯಾವುದಕ್ಕೆ ತಾಳೆ ನೋಡುವುದು? ನಂಬಿಕೆಯ ವಿಷಯದಲ್ಲಿ ನಮ್ಮ ಸರ್ಕಾರ ಈಚೆಗೆ ಒಂದು ಹೆಜ್ಜೆ ಮುಂದಿಟ್ಟಿದೆ. 2025ರ ಡಿಸೆಂಬರ್‌ನಲ್ಲಿ 18ರಿಂದ 52 ವಯಸ್ಸಿನ ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನ ಋತುಚಕ್ರ ರಜೆ ಕೊಟ್ಟಿತು, ಅದಕ್ಕೆ ವೈದ್ಯರ ಚೀಟಿ ಬೇಡ ಎಂದಿತು. ಹೆಣ್ಣುಮಗಳ ಮಾತನ್ನೇ ಪ್ರಮಾಣ ಎಂದು ಒಪ್ಪಿತು. ನಾನು ಕೇಳುವ ತಿದ್ದುಪಡಿಗೆ ಅಷ್ಟು ನಂಬಿಕೆಯೂ ಬೇಡ. ಇಲ್ಲಿ ಚೀಟಿ ಇದೆ. ಚೀಟಿಯ ಮೇಲೆ ಕಾಯಿಲೆ ಬಿದ್ದವರ ನಿಜವಾದ ಹೆಸರು ಇರಲಿ ಎಂದಷ್ಟೇ ನನ್ನ ಬೇಡಿಕೆ.

ಕುಟುಂಬದವರು ಎಂಬುದರಲ್ಲಿ ಯಾರ್‍ಯಾರು? ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ. ಜೊತೆಗೆ ಅತ್ತೆ, ಮಾವ. ಮದುವೆಯಾದ ಹೆಣ್ಣುಮಗಳಿಗೆ ಎರಡೂ ಕಡೆಯವರು ಸೇರಲೇಬೇಕು. ಹೆಣ್ಣುಮಕ್ಕಳಷ್ಟೇ ಇರುವ ಎಷ್ಟೋ ಮನೆಗಳಲ್ಲಿ ತವರಿನ ತಂದೆತಾಯಿಯ ಹಾಸಿಗೆ ಹಾಸುವವಳು ಅವಳೇ. ಹಾಗೆಯೇ ಒಡಹುಟ್ಟಿದವರು. ಮದುವೆಯಾಗದ ಅಣ್ಣನನ್ನು ಹದಿನೆಂಟು ವರ್ಷ ನೋಡಿಕೊಂಡ ಒಬ್ಬ ಡಿ ದರ್ಜೆಯ ನೌಕರರು ನಮ್ಮಲ್ಲಿದ್ದರು. ಪ್ರತಿ ವರ್ಷ ಮಳೆಗಾಲದಲ್ಲಿ ಅಣ್ಣನಿಗೆ ಉಬ್ಬಸ ಏರುತ್ತಿತ್ತು, ಪ್ರತಿ ವರ್ಷ ಮಳೆಗಾಲದಲ್ಲಿ ಇವರಿಗೆ ಬೆನ್ನು ನೋವು ಬರುತ್ತಿತ್ತು. ಹೊಸದಾಗಿ ಬಂದ ಒಬ್ಬ ಅಧಿಕಾರಿ ಕಡತ ತಿರುವಿ, ಇಷ್ಟು ಬೆನ್ನು ನೋವಿನವರು ಕೆಲಸಕ್ಕೆ ಲಾಯಕ್ಕೇ ಎಂದು ವೈದ್ಯಕೀಯ ಮಂಡಳಿಗೆ ಬರೆಯಲು ಹೊರಟಿದ್ದರು. ನಾನು ಕಡತ ಹಿಡಿದುಕೊಂಡು ಅವರ ಕೋಣೆಗೆ ಹೋಗಿ, ಬಾಗಿಲು ಹಾಕಿ, ನಿಜ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಇದನ್ನು ಬರೆಯೋಕೆ ಜಾಗ ಇಲ್ಲವಲ್ಲ ಅಮ್ಮ” ಅಂದರು.

ಆ ಜಾಗಕ್ಕೆಂದು ನಾನೊಂದು ಕರಡು ಬರೆದಿದ್ದೇನೆ. ನಮ್ಮ ಕಚೇರಿಯ ಕನ್ನಡದಲ್ಲೇ ಇದೆ, ಓದುತ್ತೇನೆ:

“ಸರ್ಕಾರಿ ನೌಕರನು ಅಥವಾ ನೌಕರಳು ತನ್ನ ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ಅತ್ತೆ, ಮಾವ ಅಥವಾ ತನ್ನೊಡನೆ ವಾಸಿಸುವ ಒಡಹುಟ್ಟಿದವರ ಕಾಯಿಲೆಯ ಆರೈಕೆಗಾಗಿ, ಸದರಿ ರೋಗಿಯ ವೈದ್ಯಕೀಯ ಪ್ರಮಾಣಪತ್ರವನ್ನು ಹಾಜರುಪಡಿಸಿ ಪರಿವರ್ತಿತ ರಜೆಯನ್ನು ಕೋರಬಹುದು, ಕರ್ತವ್ಯಕ್ಕೆ ಮರಳುವಾಗ ನೌಕರರಿಂದ ದೃಢಕಾಯ ಪ್ರಮಾಣಪತ್ರವನ್ನು ಕೇಳತಕ್ಕದ್ದಲ್ಲ.”

ಕೊನೆಯ ತುಂಡನ್ನು ಆ ಬೋಳು ತಲೆಯ ಮನುಷ್ಯನಿಗಾಗಿ ಸೇರಿಸಿದೆ. ಇದರ ನೂರು ಪ್ರತಿ ತೆಗೆಸಿ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ನೌಕರಿಯಲ್ಲಿರುವವರು ನಿಮ್ಮ ನಿಮ್ಮ ಸಂಘದಲ್ಲಿ ಓದಿ, ಸಹಿ ಮಾಡಿಸಿ ಮುಂದಿನ ತಿಂಗಳೊಳಗೆ ನನಗೆ ತಲುಪಿಸಿ. ಬೆಂಗಳೂರಿಗೆ ನಾನೇ ಒಯ್ಯುತ್ತೇನೆ. ಸಹಿಯ ಪಕ್ಕದಲ್ಲಿ ಒಂದು ಖಾಲಿ ಮನೆ ಬಿಟ್ಟಿದ್ದೇನೆ. ನೀವು ಯಾರ ಹಾಸಿಗೆಯ ಪಕ್ಕ ಕೂತಿದ್ದಿರಿ ಎಂದು ಅಲ್ಲಿ ಬರೆಯಿರಿ.